ಅರಸರ ತೋಟ ಜನರ ಉದ್ಯಾನವಾದ ಬಗೆ
ಬೂದಿಕೋಟೆಯಿಂದ ಲಾಲ್‌ಬಾಗಿನವರೆಗೆ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಮನೆಗಳಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಮಾತು ಏಳುತ್ತದೆ. ದೂರದ ಕ್ಷೇತ್ರಗಳ ಯಾತ್ರೆಗೆ ನಾಲ್ಕಾರು ದಿನಗಳ ಬಿಡುವೂ ಬೇಕು, ಕೈಯಲ್ಲಿ ಸಾಕಷ್ಟು ಹಣವೂ ಬೇಕು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಸ್ಥಳಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಮೊದಲು ನೆನಪಿಗೆ ಬರುತ್ತದೆ. ನಮ್ಮ ಮನೆಗಳ ಹಿರಿಯರಲ್ಲಿ ಬಹುಮಂದಿ ಒಮ್ಮೆಯಾದರೂ ಅದನ್ನು ನೋಡಿದವರೇ. ಗಾಜಿನ ಮನೆಯನ್ನು ಸುತ್ತಿ, ಬಂಡೆಯನ್ನು ಹತ್ತಿ, ಕೆರೆಯ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಿ ಬಂದರೆ ಪ್ರವಾಸ ಮುಗಿಯಿತೆಂದು ತಿಳಿಯುವುದು ವಾಡಿಕೆ.

ಆದರೆ ಲಾಲ್‌ಬಾಗು ಕೋಲಾರ ಸೀಮೆಯವರಿಗೆ ಬರಿಯ ವಿಹಾರಸ್ಥಳವಲ್ಲ. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವನೊಬ್ಬನು ತನ್ನ ಸಂತೋಷಕ್ಕಾಗಿ ಮಾಡಿಸಿದ ತೋಟವದು. ಅದೇ ತೋಟ ಇಂದು ನಾಡಿನ ತೋಟಗಾರಿಕೆ ಇಲಾಖೆಯ ಕೇಂದ್ರಸ್ಥಾನವಾಗಿದ್ದು, ನಮ್ಮ ತಾಲ್ಲೂಕುಗಳ ಮಾವು, ಹೂವು, ತರಕಾರಿಗಳ ಬದುಕಿಗೂ ಅದಕ್ಕೂ ಹತ್ತಿರದ ನಂಟುಂಟು. ಅರಸನೊಬ್ಬನ ಸ್ವಂತದ ತೋಟ ಎಲ್ಲರ ಸೊತ್ತಾದುದು ಹೇಗೆ, ಅದನ್ನು ಉಳಿಸಿಕೊಟ್ಟವರು ಯಾರು ಎಂಬುದನ್ನು ತಿಳಿದು ನೋಡಿದರೆ ಆ ನೋಟಕ್ಕೆ ಹೆಚ್ಚಿನ ಬೆಲೆ ಬರುತ್ತದೆ.

ಕೋಲಾರದ ನಂಟು

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರ್ ಆಲಿಯ ಜನ್ಮಸ್ಥಳ. ಅಂದು ಕೋಲಾರದ ಪ್ರದೇಶವು ಮೊಗಲರ ಶಿರಾ ಪ್ರಾಂತ್ಯಕ್ಕೆ ಸೇರಿತ್ತು. ಹೈದರನ ತಂದೆ ಫತೇ ಮಹಮ್ಮದನು ಶಿರಾದ ಸುಬೇದಾರರ ಸೇವೆಯಲ್ಲಿದ್ದನು. ಕೋಲಾರ ಪಟ್ಟಣದಲ್ಲಿರುವ ಮಕ್‌ಬರ ಆ ಮನೆತನದ ಸಮಾಧಿಸ್ಥಳ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಆತನ ದೇಹವನ್ನು ಮೊದಲು ತಂದಿಟ್ಟದ್ದು ಕೋಲಾರಕ್ಕೆ. ಆ ಬಳಿಕ ಶ್ರೀರಂಗಪಟ್ಟಣದ ಗುಂಬಜಿಗೆ ಕೊಂಡೊಯ್ಯಲಾಯಿತು.

ಶಿರಾದಲ್ಲಿ ಮೊಗಲ್ ಅಧಿಕಾರಿಗಳು ಮಾಡಿಸಿದ್ದ ಖಾನ್ ಬಾಗ್ ಎಂಬ ತೋಟವಿತ್ತು. ನೇರವಾದ ದಾರಿಗಳು, ಅವುಗಳ ನಡುವೆ ಚೌಕವಾದ ಪಾತಿಗಳು ಮೊಗಲ್ ತೋಟಗಳ ಲಕ್ಷಣ. ಆ ಮಾದರಿಯೇ ಹೈದರನ ಮನಸ್ಸಿನಲ್ಲಿ ನಿಂತಿತ್ತೆಂದು ಹೇಳುತ್ತಾರೆ. 1760ರಲ್ಲಿ ಬೆಂಗಳೂರು ಕೋಟೆಗೆ ಹತ್ತಿರವಾಗಿ ಸುಮಾರು 40 ಎಕರೆ ಜಾಗದಲ್ಲಿ ಆತನು ಲಾಲ್‌ಬಾಗನ್ನು ಆರಂಭಿಸಿದನು. ಮಗ ಟಿಪ್ಪು ಸುಲ್ತಾನನು ಹೊರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಸಿದನು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಈ ತೋಟವನ್ನು ಕಂಡು ಬರೆದಿಟ್ಟಿದ್ದಾರೆ. ದಾರಿಗಳ ಇಕ್ಕೆಲದಲ್ಲಿ ಸೈಪ್ರೆಸ್ ಮರಗಳು ನಿಂತಿದ್ದುವೆಂದೂ, ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡವನ್ನು ಬೆಳೆಸುತ್ತಿದ್ದರೆಂದೂ, ಒಂದು ಕಡೆ ಗುಲಾಬಿಯೇ ತುಂಬಿದ್ದರೆ ಇನ್ನೊಂದು ಕಡೆ ದಾಳಿಂಬೆಯೇ ತುಂಬಿತ್ತೆಂದೂ ಅವರ ಬರಹದಿಂದ ತಿಳಿಯುತ್ತದೆ.

ಅರಸರು ಆಜ್ಞೆ ಮಾಡಿದರು. ಗುದ್ದಲಿ ಹಿಡಿದವರು ಬೇರೆ. ಹೂವು, ತರಕಾರಿ, ಸಸಿಗಳ ಕೃಷಿಯಲ್ಲಿ ಕುಶಲರಾದ ತಿಗಳ ಜನಾಂಗದವರು ತಲೆತಲಾಂತರದಿಂದ ಈ ತೋಟದ ಸುತ್ತಮುತ್ತ ನೆಲೆಸಿ ಅದರ ಕೆಲಸವನ್ನು ನಡೆಸಿಕೊಂಡು ಬಂದರು. ಬೆಂಗಳೂರಿನ ಕರಗದ ಉತ್ಸವವನ್ನು ನಡೆಸುವವರೂ ಅವರೇ. ಲಾಲ್‌ಬಾಗಿನ ಚರಿತ್ರೆಯಲ್ಲಿ ದೊರೆಗಳ ಹೆಸರುಗಳೂ ಅಧಿಕಾರಿಗಳ ಹೆಸರುಗಳೂ ಉಳಿದಿವೆ. ದಿನವೂ ನೀರೆರೆದವರ ಹೆಸರುಗಳು ಉಳಿದಿಲ್ಲ. ಅವರ ಕಾಯಕವು ಮರಗಳ ರೂಪದಲ್ಲಿ ನಿಂತಿದೆ.

ಒಡೆತನ ಬದಲಾದ ಕಾಲ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ತೋಟವು ಇಂಗ್ಲಿಷರ ವಶವಾಯಿತು. ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ ಕೆಲಕಾಲ ಅದನ್ನು ನೋಡಿಕೊಂಡರು. ಮುಂದೆ ಅದು ಮೇಜರ್ ಗಿಲ್ಬರ್ಟ್ ವಾಘ್ ಎಂಬವರ ಕೈಯಲ್ಲಿತ್ತು. 1819ರಲ್ಲಿ ಅವರು ಅದನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಲು ಮುಂದೆ ಬಂದರು. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆಗೆ ಅದು ಸೇರಿತು. 1836ರಿಂದ 1842ರವರೆಗೆ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಅದನ್ನು ನಡೆಸಿ, ಕಡೆಗೆ ಕೈಬಿಟ್ಟಿತು.

ಇಂಥ ಕಾಲದಲ್ಲೇ ಎಷ್ಟೋ ತೋಟಗಳು ಹಾಳುಬಿದ್ದು ಹೋಗುತ್ತವೆ. ಒಡೆಯನಿಲ್ಲದ ತೋಟದಲ್ಲಿ ಮರ ಕಡಿಯುವವನಿಗೆ ಅಡ್ಡಿಯಿಲ್ಲ. ಲಾಲ್‌ಬಾಗಿನ ಪುಣ್ಯ, ಹ್ಯೂ ಕ್ಲೆಗಾರ್ನ್ ಅವರಂಥ ಸಸ್ಯತಜ್ಞರು ಅದರ ಬೆಲೆಯನ್ನು ಕಂಡುಕೊಂಡರು. ಅವರ ಶಿಫಾರಸಿನಂತೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಎಂಬ ನುರಿತ ತೋಟಗಾರರು ಬಂದು ಅದರ ಹೊಣೆ ಹೊತ್ತರು. ಇಲ್ಲಿಂದ ಮುಂದಕ್ಕೆ ತೋಟದ ಗುರಿಯೇ ಬೇರೆಯಾಯಿತು. ಹೊಸ ಬೆಳೆಗಳನ್ನು ಈ ನೆಲದಲ್ಲಿ ಪರೀಕ್ಷಿಸಿ ನೋಡುವುದು, ಸಸಿ ಮಾಡಿ ರೈತರಿಗೆ ಹಂಚುವುದು, ಗಿಡಗಳನ್ನು ಜನರಿಗೆ ಪರಿಚಯಿಸುವುದು ಅದರ ಕೆಲಸವಾಯಿತು.

ಸಿರಿವಂತರ ತೋಟಗಳು ಜನರ ಪಾಲಾದ ಸಂಗತಿ ಹೊರದೇಶಗಳಲ್ಲಿಯೂ ಉಂಟು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದಲ್ಲಿ ಬ್ಯೂಟ್ ಮನೆತನದವರ ಕೋಟೆಯೂ ಅದರ ಸುತ್ತಲಿನ ವಿಶಾಲವಾದ ತೋಟವೂ ಇದ್ದುವು. ಕಲ್ಲಿದ್ದಲಿನಿಂದಲೂ ಹಡಗುಕಟ್ಟೆಗಳಿಂದಲೂ ಆ ಮನೆತನ ಅಪಾರ ಸಂಪತ್ತನ್ನು ಗಳಿಸಿತ್ತು. ಭಾರತ ಸ್ವತಂತ್ರವಾದ 1947ರಲ್ಲೇ ಐದನೆಯ ಮಾರ್ಕ್ವೆಸ್ ಅವರು ಕೋಟೆಯನ್ನೂ ತೋಟವನ್ನೂ ನಗರದ ಜನತೆಗೆ ಒಪ್ಪಿಸಿದರು. ಗಣಿಯಲ್ಲಿ ದುಡಿದವರ ಮೊಮ್ಮಕ್ಕಳು ಇಂದು ಅಲ್ಲಿ ಅಡ್ಡಾಡುತ್ತಾರೆ. 1880ರ ದಶಕದಿಂದ 2001ರವರೆಗೆ ಚಿನ್ನ ತೆಗೆದ ನಮ್ಮ ಕೋಲಾರದ ಗಣಿಯೂರಿನಲ್ಲಿ ದುಡಿದವರ ಮೊಮ್ಮಕ್ಕಳಿಗೆ ಸೈನೈಡ್ ಮಣ್ಣಿನ ದಿಬ್ಬಗಳು ಉಳಿದಿವೆ. ಸಂಪತ್ತು ಹುಟ್ಟಿದ ಕಡೆಯ ಜನಕ್ಕೆ ಒಂದಿಷ್ಟು ನೆರಳನ್ನಾದರೂ ಬಿಟ್ಟುಹೋಗುವುದು ಎಷ್ಟು ದೊಡ್ಡ ಮಾತು ಎಂಬುದು ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ ತಿಳಿಯುತ್ತದೆ.

ಗಾಜಿನ ಮನೆಯ ಕಾಲ

ಜಾನ್ ಕ್ಯಾಮರಾನ್ ಅವರು 1874ರಲ್ಲಿ ಬಂದು ಮೂರು ದಶಕಗಳಿಗೂ ಹೆಚ್ಚು ಕಾಲ ಲಾಲ್‌ಬಾಗನ್ನು ನಡೆಸಿದರು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು ಇವರ ಕಾಲದಲ್ಲಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. ಅದರ ಎರಕದ ಕಬ್ಬಿಣದ ಕಂಬ ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾರ್ಖಾನೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದುವು. ಆದರೂ ಕ್ಯಾಮರಾನ್ ಅವರ ಹೆಸರು ನಮ್ಮ ಅಡುಗೆಮನೆಯಲ್ಲಿ ಉಳಿಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಕೂಟು ಸಾಗುಗಳಿಗೆ ನಾವು ಹಾಕುವ ಸೀಮೆಬದನೆಕಾಯಿಯನ್ನು ಈ ಭಾಗದಲ್ಲಿ ಬೆಳೆಸಿ ರೂಢಿಗೆ ತಂದವರು ಅವರು. ಮೆಕ್ಸಿಕೋ ಕಡೆಯ ಆ ಬಳ್ಳಿ ಲಾಲ್‌ಬಾಗಿನ ದಾರಿಯಲ್ಲಿ ಬಂದು ನಮ್ಮ ಸಂತೆಯನ್ನು ಸೇರಿತು.

1908ರಲ್ಲಿ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು ಕ್ಯೂ ಉದ್ಯಾನದಲ್ಲಿಯೂ ಬರೋಡಾ ಸಂಸ್ಥಾನದಲ್ಲಿಯೂ ಕೆಲಸ ಮಾಡಿ ಅನುಭವ ಪಡೆದವರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿದ್ದು ಅವರ ಕಾಲದಲ್ಲಿ. ಒಂದು ಜಾತಿಯ ಮರ ಹೂ ಬಿಟ್ಟು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯ ಮರ ಹೂ ಬಿಡುವಂತೆ, ವರ್ಷವಿಡೀ ಬೆಂಗಳೂರಿನ ಬೀದಿಗಳಲ್ಲಿ ಹೂವು ಇರುವಂತೆ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು. 1932ರಲ್ಲಿ ನಿವೃತ್ತರಾದ ಅವರು ಬೆಂಗಳೂರಿನಲ್ಲಿಯೇ ನೆಲೆಸಿ 1956ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಅವರ ತರುವಾಯ ಎಚ್.ಸಿ. ಜವರಾಯ ಅವರು ಆ ಸ್ಥಾನಕ್ಕೆ ಬಂದರು. ಲಾಲ್‌ಬಾಗಿನ ಆಡಳಿತವು ಈ ನಾಡಿನವರ ಕೈಗೆ ಬಂದದ್ದು ಹೀಗೆ.

ನಮ್ಮ ಹೊಲಗಳಿಗೆ ಬಂದ ಲಾಲ್‌ಬಾಗ್

ಸ್ವಾತಂತ್ರ್ಯಾನಂತರದ ಲಾಲ್‌ಬಾಗಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಡಾ. ಎಂ.ಎಚ್. ಮರಿಗೌಡರದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅವರು ಲಾಲ್‌ಬಾಗಿನ ಸೊಬಗನ್ನು ಹೆಚ್ಚಿಸಿದ್ದಷ್ಟೇ ಅಲ್ಲ, ಅದರ ಪ್ರಯೋಜನ ಹಳ್ಳಿಯ ರೈತನಿಗೆ ದೊರಕಬೇಕೆಂದು ದುಡಿದರು. ನಾಡಿನ ಉದ್ದಗಲಕ್ಕೂ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಸ್ಥಾಪಿಸಿ, ಒಳ್ಳೆಯ ಕಸಿ ಸಸಿಗಳು ರೈತನಿಗೆ ಹತ್ತಿರದಲ್ಲೇ ಸಿಗುವಂತೆ ಮಾಡಿದರು. ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಅವರನ್ನು ಕರೆಯುವುದು ಈ ಕಾರಣಕ್ಕೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಬಾವಿ ಮತ್ತು ಕೊಳವೆಬಾವಿಯ ಆಸರೆ. ಇಂಥ ಒಣಸೀಮೆಯಲ್ಲಿ ಒಮ್ಮೆ ಬೇರೂರಿದರೆ ಕಡಿಮೆ ನೀರಿನಲ್ಲಿಯೂ ನಿಲ್ಲುವ ಮಾವು ರೈತನಿಗೆ ದೊಡ್ಡ ಆಧಾರ. ಶ್ರೀನಿವಾಸಪುರದ ಸುತ್ತಣ ಮಾವಿನ ತೋಪುಗಳ ಹೆಸರು ದೇಶದಲ್ಲೆಲ್ಲ ಹಬ್ಬಿದೆ. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ ಎಂದು ಒಂದರ ಹಿಂದೊಂದು ತಳಿ ಮಾರುಕಟ್ಟೆಗೆ ಬರುತ್ತವೆ. ಅದೇ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಇಲಾಖೆಯ ಮಾವಿನ ಕೇಂದ್ರವಿದೆ. ಮಾಲೂರಿನ ಕಡೆಯ ಹೂವು ತರಕಾರಿಗಳು ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತವೆ. ಕೋಲಾರದ ಟೊಮೆಟೊ ಮಂಡಿ ದೇಶದ ದೊಡ್ಡ ಮಂಡಿಗಳಲ್ಲೊಂದು.

ಮಾವಿನ ಸುಗ್ಗಿಯಲ್ಲಿ ಲಾಲ್‌ಬಾಗಿನೊಳಗೆ ಮಾವು ಮೇಳ ನಡೆಯುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಬೆಳೆಗಾರರು ಅಲ್ಲಿ ಮಳಿಗೆ ಹಾಕಿ, ದಲ್ಲಾಳಿಯ ನೆರವಿಲ್ಲದೆ, ಕಾರ್ಬೈಡ್ ಹಾಕದೆ ಹಣ್ಣು ಮಾಡಿದ ಮಾವನ್ನು ನಗರದ ಗೃಹಿಣಿಯರ ಕೈಗೆ ನೇರವಾಗಿ ಮಾರುತ್ತಾರೆ. ಇದರ ಬೆಲೆ ಏನೆಂಬುದು ಕಷ್ಟದ ವರ್ಷಗಳಲ್ಲಿ ಗೊತ್ತಾಗುತ್ತದೆ. 2025ರ ಜೂನ್ ತಿಂಗಳಲ್ಲಿ ತೋತಾಪುರಿಯ ಧಾರಣೆ ಕುಸಿಯಿತು. ಹಣ್ಣಿನ ರಸ ತೆಗೆಯುವ ಕಾರ್ಖಾನೆಗಳಿರುವ ನೆರೆಯ ಚಿತ್ತೂರು ಜಿಲ್ಲೆ ಹೊರರಾಜ್ಯದ ತೋತಾಪುರಿಗೆ ಬಾಗಿಲು ಮುಚ್ಚಿತು. ನಮ್ಮ ಕಡೆಯ ರೈತರು ಬೀದಿಗಿಳಿಯಬೇಕಾಯಿತು. ಮೇಳದ ಕೆಲವು ಮಳಿಗೆಗಳಿಂದ ಇಂಥ ಸಂಕಟ ನೀಗುವುದಿಲ್ಲ ನಿಜ. ಆದರೂ ಬೆಳೆದವನೂ ತಿನ್ನುವವನೂ ಮುಖಾಮುಖಿ ನಿಲ್ಲುವ ಜಾಗವೊಂದು ರಾಜಧಾನಿಯ ನಡುವೆ ಇರುವುದು ನಮ್ಮವರಿಗೆ ಸಣ್ಣ ಸಹಾಯವಲ್ಲ. ಹೈದರನ ಚೌಕ ಪಾತಿಗಳ ತೋಟ ಇಷ್ಟು ದೂರ ನಡೆದು ಬಂದಿದೆ.

ನೋಡಬೇಕಾದುವು

ಮಾಲೂರು, ಬಂಗಾರಪೇಟೆಯ ಕಡೆಯವರು ರೈಲಿನಲ್ಲಿ ವೈಟ್‌ಫೀಲ್ಡಿಗೆ ಬಂದು, ಅಲ್ಲಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಲಾಲ್‌ಬಾಗ್ ನಿಲ್ದಾಣದಲ್ಲಿಯೇ ಇಳಿಯಬಹುದು. ಕೋಲಾರ, ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುವವರು ಕೃಷ್ಣರಾಜಪುರದಲ್ಲಿ ಇಳಿದು ಮೆಟ್ರೋ ಹತ್ತಬಹುದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯದ ಫಲಪುಷ್ಪ ಪ್ರದರ್ಶನಗಳು ಪ್ರಸಿದ್ಧವಾದುವು. ವೃದ್ಧರನ್ನೂ ಎಳೆಯ ಮಕ್ಕಳನ್ನೂ ಕರೆತರುವವರು ಆ ದಿನಗಳ ನೂಕುನುಗ್ಗಲನ್ನು ತಪ್ಪಿಸಿ, ವಾರದ ನಡುವಿನ ಯಾವುದಾದರೊಂದು ದಿನ ಬಂದರೆ ನೆಮ್ಮದಿಯಿಂದ ನೋಡಬಹುದು.

ಒಳಹೊಕ್ಕೊಡನೆ ಗಾಜಿನ ಮನೆಗೆ ಧಾವಿಸದೆ ಮೊದಲು ಬಂಡೆಯನ್ನು ಹತ್ತುವುದು ಲೇಸು. ಕೆಂಪೇಗೌಡರ ಗೋಪುರವನ್ನು ಹೊತ್ತ ಈ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಬಹುಭಾಗದ ತಳಪಾಯ ಇದೇ ಜಾತಿಯ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅದೇ ಗೌರವ ಪಡೆದ ಶಿಲೆಗಳು ನಮ್ಮ ಕೋಲಾರ ಚಿನ್ನದ ಗಣಿಯ ಬಳಿಯ ಪೆದ್ದಪಲ್ಲಿಯಲ್ಲಿಯೂ ಇವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಬಂಡೆಯಿಂದಿಳಿದು ಮರಗಳ ಕಡೆ ನಡೆದರೆ ಹಿರಿಯರು ಕೈಮುಗಿದು ನಿಲ್ಲುವ ಮರವೊಂದು ಸಿಗುತ್ತದೆ. ಅದು ನಾಗಲಿಂಗ. ಹೆಡೆಯೆತ್ತಿದ ನಾಗಗಳ ನೆರಳಿನಲ್ಲಿ ಲಿಂಗವಿರುವಂತೆ ಕಾಣುವ ಅದರ ಹೂವು ಶಿವಪೂಜೆಗೆ ಶ್ರೇಷ್ಠವೆಂದು ನಮ್ಮ ಜನರ ಭಾವನೆ. ಈ ಮರದ ತವರು ದಕ್ಷಿಣ ಅಮೆರಿಕದ ಕಾಡುಗಳು. ಸಾಗರದಾಚೆಯಿಂದ ಬಂದ ಗಿಡವನ್ನು ನಮ್ಮ ಜನ ತಮ್ಮದೆಂದು ಒಪ್ಪಿಕೊಂಡು ದೇವರ ಮುಡಿಗೇರಿಸಿದರು. ಸೀಮೆಬದನೆ ಅಡುಗೆಮನೆಗೆ ಬಂದಂತೆ ನಾಗಲಿಂಗ ದೇವರಮನೆಗೆ ಬಂತು. ಪರದೇಶದ್ದೆಂದು ಗಿಡವನ್ನು ಯಾರೂ ದೂರವಿಡಲಿಲ್ಲ.

ಇದಲ್ಲದೆ ಕಲ್ಲಾಗಿ ಮಾರ್ಪಟ್ಟ ಮರದ ಕಾಂಡವೊಂದಿದೆ. ಅದು ಸುಮಾರು 2 ಕೋಟಿ ವರ್ಷಗಳಷ್ಟು ಹಳೆಯದು. ಕುಂಡಗಳಲ್ಲಿ ಬೆಳೆಸಿದ ಕುಬ್ಜ ವೃಕ್ಷಗಳಿವೆ. ಹೂವಿನ ಗಡಿಯಾರವಿದೆ. ಕುದುರೆಯೇರಿದ ಚಾಮರಾಜೇಂದ್ರ ಒಡೆಯರ ಪ್ರತಿಮೆಯಿದೆ. ಕೆರೆಯ ದಂಡೆಯಲ್ಲಿ ಹಕ್ಕಿಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂಬ ಆತುರ ಬೇಡ. ಮರಗಳ ಮೇಲಿನ ಹೆಸರಿನ ಫಲಕಗಳನ್ನು ಮಕ್ಕಳಿಂದ ಓದಿಸಿ, ಹತ್ತು ಮರಗಳ ಹೆಸರನ್ನು ಬರೆದುಕೊಳ್ಳಲು ಹೇಳಿದರೆ ಆ ದಿನ ಸಾರ್ಥಕವಾಗುತ್ತದೆ.

ಕಾಯುವ ಹೊಣೆ

ಇಂದು ಲಾಲ್‌ಬಾಗಿನ ವಿಸ್ತೀರ್ಣ ಸುಮಾರು 240 ಎಕರೆ. ಒಂದು ಕಾಲಕ್ಕೆ ಊರ ಹೊರಗಿದ್ದ ತೋಟದ ಸುತ್ತ ಇಂದು ನಗರ ಒತ್ತಾಗಿ ಬೆಳೆದಿದೆ. ಎಲ್ಲರಿಗೂ ಸೇರಿದ ಜಾಗಕ್ಕೆ ಒಂದು ಅಪಾಯ ಸದಾ ಇರುತ್ತದೆ. ಯಾರ ಮನೆಯನ್ನೂ ಕೆಡವಬೇಕಾಗಿಲ್ಲವೆಂಬ ಕಾರಣಕ್ಕೆ ಯೋಜನೆ ಹಾಕುವವರ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ. ಇದನ್ನು ತಡೆಯಲೆಂದೇ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಕಾಯ್ದೆ ಬಂದು, ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ ರಕ್ಷಣೆ ದೊರೆಯಿತು. ಆದರೂ 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ತೋಟದ ಅಂಚಿನ ಗೋಡೆ ಬಿದ್ದು, ಜಾಗ ಹೋಯಿತು. ನಾಗರಿಕರು ನಿಂತು ಪ್ರತಿಭಟಿಸಿದರು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಯ ಯೋಜನೆಗೆ ಲಾಲ್‌ಬಾಗಿನ ಜಾಗವನ್ನೂ ಬಳಸುವ ಮಾತು ಹೊರಬಿದ್ದಾಗ ಬೆಳಗಿನ ನಡಿಗೆಗೆ ಬರುವವರಿಂದ ಮೊದಲ್ಗೊಂಡು ಭೂವಿಜ್ಞಾನಿಗಳವರೆಗೆ ಬಹುಮಂದಿ ಆಕ್ಷೇಪವೆತ್ತಿದರು.

ಮೆಟ್ರೋ ಬೇಡವೆನ್ನಲಾಗದು. ಮೇಲೆ ಹೇಳಿದ ಹಾಗೆ ನಮ್ಮ ಕುಟುಂಬಗಳು ಲಾಲ್‌ಬಾಗಿಗೆ ಹೋಗಲು ಅದೇ ಅನುಕೂಲ. ಆದರೆ ಪ್ರತಿಯೊಂದು ಪೀಳಿಗೆಯೂ ತನ್ನ ಅನುಕೂಲಕ್ಕೆಂದು ಅಂಚಿನ ಒಂದೊಂದು ತುಂಡನ್ನು ತೆಗೆದುಕೊಂಡರೆ ನಮ್ಮ ಮೊಮ್ಮಕ್ಕಳ ಪಾಲಿಗೆ ಉಳಿಯುವುದೇನು? ಹೈದರನಿಗೆ ಅದು ಸ್ವಂತದ ತೋಟ, ಕಾಯಲು ಸೈನ್ಯವಿತ್ತು. ಜನರ ತೋಟಕ್ಕೆ ಜನರೇ ಕಾವಲು. ಬೆಂಗಳೂರಿನವರಷ್ಟೇ ಅದಕ್ಕೆ ಬಾಧ್ಯರೆಂದು ಕೋಲಾರದವರು ಸುಮ್ಮನಿರುವುದು ಸರಿಯಲ್ಲ. ಆ ತೋಟದ ಫಲವನ್ನು ನಾವೂ ಉಂಡಿದ್ದೇವೆ.

ಈ ಹೊಣೆ ಲಾಲ್‌ಬಾಗಿನ ಗೋಡೆಗೆ ಮುಗಿಯುವುದಿಲ್ಲ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟವೂ ಹೀಗೆಯೇ ಟಿಪ್ಪುವಿನ ಬೇಸಿಗೆಯ ಅರಮನೆ, ಇಂಗ್ಲಿಷ್ ಕಮಿಷನರ್ ಕಬ್ಬನ್ನರ ಬಂಗಲೆಗಳಿದ್ದ ತಾಣ. 1927ರಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ತಂಗಿದ್ದ ಬಂಗಲೆ ಗಾಂಧಿ ನಿಲಯವೆಂದು ಹೆಸರಾಯಿತು, ಬೆಟ್ಟ ಎಲ್ಲರದಾಯಿತು. ಅಂತರಗಂಗೆಯ ಬೆಟ್ಟದ ಮೆಟ್ಟಿಲುಗಳು, ಬೂದಿಕೋಟೆಯ ಹಳೆಯ ಕೋಟೆ, ಊರೂರಿನ ಕೆರೆಯ ಏರಿ, ಗುಂಡುತೋಪು ಎಲ್ಲವೂ ಎಲ್ಲರಿಗೂ ಸೇರಿದುವೇ. ಅಲ್ಲಿ ಪ್ಲಾಸ್ಟಿಕ್ ಎಸೆಯದಿರುವುದು, ಒತ್ತುವರಿಯನ್ನು ಕಂಡು ಬಾಯಿಬಿಡುವುದು, ಒಣಗಿದ ಮರದ ಜಾಗದಲ್ಲಿ ಒಂದು ಸಸಿಯಿಟ್ಟು ಮೂರು ಬೇಸಿಗೆ ನೀರೆರೆಯುವುದು ದೊಡ್ಡ ಖರ್ಚಿನ ಕೆಲಸಗಳೇನೂ ಅಲ್ಲ.

ಈ ಸಲ ಲಾಲ್‌ಬಾಗಿಗೆ ಹೋದವರು ಅಲ್ಲಿಯ ಸಸ್ಯಾಗಾರದಿಂದ ಒಂದು ಸಸಿಯನ್ನು ಕೊಂಡು ತರಲಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ಊರಿನ ಶಾಲೆಯ ಅಂಗಳದಲ್ಲಿ, ಮಠದ ಆವರಣದಲ್ಲಿ ಅದನ್ನು ನೆಡಲಿ. ನೆಡುವ ಕೆಲಸ ಹಿರಿಯರದಾಗಲಿ, ನೀರೆರೆಯುವ ಕೆಲಸ ಮಕ್ಕಳದಾಗಲಿ.